ಛಾರಾನಗರದ ನಾಟಕವೂ ನಮ್ಮ ನಗರದ ಲೆಕ್ಕವೂ

(ಚಾಂದ್‌ಖೇಡಾದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಒಡೆದ ಸಮುದಾಯಗಳನ್ನು ನಾಟಕವು ಬೆಸೆಯಬಲ್ಲುದೇ ಎಂಬ ವಿಷಯಕ್ಕೆ ತಾವು ಲೆಕ್ಕಪರಿಶೋಧಕನೊಬ್ಬನನ್ನು ಕರೆದಿರುವುದು ವಿಚಿತ್ರವೇ ಸರಿ. ಆದರೆ ಉದಾಹರಣೆಗಾಗಿ ನಾನು ದೂರ ಹೋಗಬೇಕಿಲ್ಲ. ಇಲ್ಲಿಂದ ಸಾಬರಮತಿಯನ್ನು ದಾಟಿ, ವಿಮಾನ ನಿಲ್ದಾಣವನ್ನು ಹಾದು ಹೋದರೆ ಕುಬೇರನಗರದ ಮಗ್ಗುಲಲ್ಲಿ ಛಾರಾನಗರವಿದೆ. ನಮ್ಮಲ್ಲಿ ಬಹಳ ಮಂದಿ ಈ ಊರಿನಲ್ಲಿ ದಶಕಗಳನ್ನು ಕಳೆದೂ ಅತ್ತ ಕಾಲಿಟ್ಟವರಲ್ಲ.

1871ರ ಕಾನೂನೊಂದು ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಛಾರಾ ಜನರೂ ಆ ಪಟ್ಟಿಗೆ ಸೇರಿದವರು. 1952ರ ಆಗಸ್ಟ್ 31ರಂದು ಪಟ್ಟಿಯನ್ನು ರದ್ದುಗೊಳಿಸಲಾಯಿತು. ಕಾಗದದ ಮೇಲಿನ ನಮೂದು ಅಳಿಯಿತು. ನಗರದ ಮನಸ್ಸಿನ ನಮೂದು ಅಳಿಯಲಿಲ್ಲ.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಬುಧನ್ ಶಬರ ಎಂಬಾತ ಬಂಧನದಲ್ಲಿ ಸತ್ತನು. ನೇಣು ಹಾಕಿಕೊಂಡನೆಂದು ಅಧಿಕಾರಿಗಳು ಹೇಳಿದರು. ಮಹಾಶ್ವೇತಾ ದೇವಿಯವರ ಬೆಂಬಲದಿಂದ ಪ್ರಕರಣ ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲೇರಿತು. ಸಿಬಿಐ ತನಿಖೆಗೂ ಮೃತನ ಪತ್ನಿಗೆ ಪರಿಹಾರಕ್ಕೂ ನ್ಯಾಯಾಲಯ ಆದೇಶಿಸಿತು. ಅದೇ ವರ್ಷ ಅವರೂ ಗಣೇಶ ದೇವಿಯವರೂ ಛಾರಾನಗರಕ್ಕೆ ಬಂದು ಅಲ್ಲಿ ಒಂದು ಗ್ರಂಥಾಲಯಕ್ಕೆ ಕಾರಣರಾದರು. ಅಲ್ಲಿ ಸೇರಿದ ತರುಣರು ಬುಧನನ ಕಥೆಯನ್ನು ನಾಟಕವಾಗಿಸಿದರು. ವಿಮುಕ್ತಿಯ ದಿನವಾದ ಆಗಸ್ಟ್ 31ರಂದೇ ಮೊದಲ ಪ್ರಯೋಗ. ದಕ್ಷಿಣ ಬಜರಂಗೆ ಮುಂತಾದವರು ಕಟ್ಟಿದ ಆ ತಂಡವೇ ಬುಧನ್ ಥಿಯೇಟರ್.

ಈ ನಾಟಕದಲ್ಲಿ ಹೊಡೆಸಿಕೊಳ್ಳುವವನೂ ಛಾರಾ ಯುವಕ, ಲಾಠಿ ಹಿಡಿದ ಪೊಲೀಸನೂ ಛಾರಾ ಯುವಕ. ತನ್ನ ತಂದೆಯನ್ನು ಠಾಣೆಗೆ ಎಳೆದೊಯ್ದವನ ನಡಿಗೆಯನ್ನೂ ದನಿಯನ್ನೂ ಅವನು ತನ್ನ ಮೈಮೇಲೆ ತಂದುಕೊಳ್ಳಬೇಕು. ಭಯಪಟ್ಟವನು ಭಯಪಡಿಸುವವನನ್ನು ಒಳಗಿನಿಂದ ಅರಿಯಲು ಇದಕ್ಕಿಂತ ಕಠಿಣವಾದ ದಾರಿ ನನಗೆ ತಿಳಿಯದು. ಕೊನೆಗೆ ನಟರು ಪ್ರೇಕ್ಷಕರತ್ತ ತಿರುಗಿ ನೇರವಾಗಿ ಪ್ರಶ್ನಿಸುತ್ತಾರೆ. ಚಪ್ಪಾಳೆ ತಟ್ಟಿ ಎದ್ದುಹೋಗುವುದು ಆಗ ಸುಲಭವಲ್ಲ.

ನನ್ನ ವೃತ್ತಿಯ ಮಾತೊಂದನ್ನು ಆಡಲೇ? ಪಾನನಿಷೇಧವಿರುವ ಈ ರಾಜ್ಯದಲ್ಲಿ ಛಾರಾನಗರವೆಂದರೆ ಕಳ್ಳಭಟ್ಟಿ ಎಂದು ಎಲ್ಲರೂ ಹೇಳುತ್ತಾರೆ. ಬೇರೆ ಕೆಲಸ ಸಿಗದೆ ಕೆಲವರು ಅದಕ್ಕೆ ಇಳಿದದ್ದು ನಿಜ. ಆದರೆ ಜಮಾ ಇದ್ದಲ್ಲಿ ಖರ್ಚೂ ಇರಲೇಬೇಕು. ಮಾರುವವನ ಹೆಸರು ಠಾಣೆಯಲ್ಲಿದೆ, ಕೊಳ್ಳುವವನದು ಎಲ್ಲಿದೆ? ಆ ಹೆಸರುಗಳು ನಮ್ಮಂತಹ ಬಡಾವಣೆಗಳಲ್ಲಿಯೂ ಸಿಗಬಹುದು.

ಇನ್ನು ಅಹಿತಕರವಾದ ಸಂಗತಿ. ನರೋಡಾ ಪಾಟಿಯಾ ಅಲ್ಲಿಗೆ ಹತ್ತಿರ. 2002ರ ಫೆಬ್ರವರಿ 28ರಂದು ಅಲ್ಲಿ 97 ಮಂದಿ ಮುಸ್ಲಿಮರು ಹತರಾದರು. 2012ರಲ್ಲಿ ವಿಶೇಷ ನ್ಯಾಯಾಲಯ ಅಪರಾಧಿಗಳೆಂದ 32 ಜನರಲ್ಲಿ ಛಾರಾಗಳೂ ಇದ್ದರು. 2018ರಲ್ಲಿ ಹೈಕೋರ್ಟ್ ಕೆಲವರ ಶಿಕ್ಷೆಯನ್ನು ಎತ್ತಿಹಿಡಿದು ಕೆಲವರನ್ನು ಬಿಡುಗಡೆಗೊಳಿಸಿತು. ನೊಂದ ಸಮುದಾಯವು ನೋಯಿಸಲಾರದೆಂಬುದು ಭಾವುಕತೆ. ಆದರೆ ಆ ಕೆಲವರಿಗಾಗಿ ಇಡೀ ಜಾತಿಯನ್ನು ದೂಷಿಸಿದರೆ ನಾವು 1871ರ ಕಾನೂನನ್ನೇ ಮತ್ತೆ ಬರೆದಂತೆ.

ಕ್ಷಮಾವಾಣಿಯ ದಿನ ನಾವೆಲ್ಲರೂ ಕೈಮುಗಿಯುತ್ತೇವೆ, ಈಗ ವಾಟ್ಸ್ಯಾಪಿನಲ್ಲಿ ಇನ್ನೂರು ಜನರಿಗೆ ಒಂದೇ ಸಂದೇಶ. ಯಾವ ತಪ್ಪಿಗೆ, ಯಾರಲ್ಲಿ ಎಂಬ ಪ್ರಶ್ನೆಯೇ ಇಲ್ಲ. ಆದರೆ ನಮ್ಮ ಶಾಸ್ತ್ರವು ಹೇಳುವ ಆಲೋಚನೆಯೆಂದರೆ ಮಾಡಿದ ದೋಷವನ್ನು ಬಿಡಿಸಿ ಹೇಳುವುದು. ಬುಧನ್ ನಾಟಕವು ಮಾಡುವುದೂ ಅದನ್ನೇ: ಸತ್ತವನ ಹೆಸರು, ಊರು, ಠಾಣೆ, ಏಟು ಎಲ್ಲವನ್ನೂ ಹೇಳುತ್ತದೆ. ಹಾಗೆ ಹೇಳದೆ ಮಾಡಿಕೊಂಡ ರಾಜಿಯು ಅರ್ಧ ಪುಟದ ಆಯವ್ಯಯದಂತೆ. ನಾನಂತೂ ಸಹಿ ಹಾಕಲಾರೆ.

ಇದು ಗುಜರಾತಿನ ಕಥೆ ಮಾತ್ರವೆಂದು ಭಾವಿಸಬೇಡಿ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಪ್ರದೇಶವಿದೆ. ಅದೇ ಕಾನೂನಿನ ಕಾಲದಲ್ಲಿ ಜನರನ್ನು ಬೇಲಿಯೊಳಗೆ ಇರಿಸಿದ್ದ ಜಾಗ ಅದು. ಗಣೇಶ ದೇವಿಯವರು ನಂತರ ನೆಲೆಸಿದ್ದು ಪಕ್ಕದ ಧಾರವಾಡದಲ್ಲಿಯೇ.

ಬರುವ ಆಗಸ್ಟ್ 31ರಂದು ನಾವು ಕುಟುಂಬಸಮೇತರಾಗಿ ಛಾರಾನಗರಕ್ಕೆ ಹೋಗೋಣ. ಆಮೇಲೆ ತಂಡವನ್ನು ನಮ್ಮ ಬಡಾವಣೆಗೂ ಕರೆಯೋಣ. ಅವರಿಗೆ ಕೊಡುವ ಹಣವನ್ನು ದಾನದ ಖಾತೆಯಲ್ಲಿ ಬರೆಯುವುದು ಬೇಡ. ಅದು ಕಲಾವಿದರ ವೃತ್ತಿಶುಲ್ಕ. ಖರ್ಚಿನ ಅಂದಾಜನ್ನು ನಾನು ಸಿದ್ಧಪಡಿಸಿ ಕೊಡುತ್ತೇನೆ.