ಒಂದು ಅಕ್ಷರದ ತಪ್ಪು, ಒಂದು ಹೊಸ ವಸ್ತು

(ಗಡಿನಾಡ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಪ್ಲಾಸ್ಟಿಕ್ಕು ವಿದ್ಯುತ್ತನ್ನು ಹರಿಯಗೊಡುವುದಿಲ್ಲವೆಂದು ನಾವೆಲ್ಲರೂ ಪಾಠ ಹೇಳಿದ್ದೇವೆ. ತಾಮ್ರದ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಏಕೆ ಎಂದು ಕೇಳಿದರೆ ಆರನೆಯ ತರಗತಿಯ ಮಗುವೂ ಉತ್ತರಿಸುತ್ತದೆ. ಆ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ವಿದ್ಯುತ್ತನ್ನು ಹರಿಸುವ ಪಾಲಿಮರುಗಳೂ ಇವೆ; ಅವುಗಳಲ್ಲಿ ಕೆಲವನ್ನು ಶಾಯಿಯಂತೆ ಮುದ್ರಿಸಲೂ ಬರುತ್ತದೆ. ಈ ಕಥೆಯ ಮೊದಲಿಗೆ ಪ್ರಯೋಗದ ಸೂಚನೆಯನ್ನು ಬರೆದವರಿಗೂ ಓದಿದವರಿಗೂ ನಡುವೆ ನುಸುಳಿದ ಒಂದು ತಪ್ಪಿದೆ. ಹಲಗೆಯ ಮೇಲೆ ಬರೆದದ್ದನ್ನು ಮಕ್ಕಳು ಹೇಗೆ ಓದಿಕೊಂಡರೋ ಎಂಬ ಚಿಂತೆ ದಿನವೂ ಇರುವ ನಮಗೆ ಇದು ದೂರದ ಕಥೆಯಲ್ಲ.

ಪಾಲಿಮರ್ ಎಂದರೆ ಚಿಕ್ಕ ಅಣುಗಳು ಕೊಂಡಿಗೆ ಕೊಂಡಿಯಾಗಿ ಬೆಸೆದುಕೊಂಡ ದೀರ್ಘ ಸರಪಣಿ. ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸ್, ಕಾಸರಗೋಡಿನ ತೋಟಗಳ ರಬ್ಬರು, ಅಂಗಡಿಯ ಪಾಲಿಥೀನ್ ಚೀಲ ಎಲ್ಲವೂ ಈ ಕುಲಕ್ಕೆ ಸೇರಿದವು. ವೆಲ್ಡಿಂಗ್ ಕೆಲಸಕ್ಕೆ ಬಳಸುವ ಅಸಿಟಿಲೀನ್ ಅನಿಲದ ಅಣುಗಳನ್ನು ಹೀಗೆ ಜೋಡಿಸಿದರೆ ಪಾಲಿಅಸಿಟಿಲೀನ್ ದೊರೆಯುತ್ತದೆ. ಬಹುಕಾಲ ಅದು ಯಾವ ಕೆಲಸಕ್ಕೂ ಬಾರದ ಕಪ್ಪು ಪುಡಿಯೆಂದೇ ಗಣಿತವಾಗಿತ್ತು.

1967ರಲ್ಲಿ ಟೋಕಿಯೋ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹಿದೆಕಿ ಶಿರಾಕಾವಾ ಎಂಬ ಯುವ ರಸಾಯನ ವಿಜ್ಞಾನಿ ಈ ವಸ್ತುವನ್ನು ಅಭ್ಯಸಿಸುತ್ತಿದ್ದರು. ಅವರು ಕೊಟ್ಟ ಸೂಚನೆಯಂತೆ ಕೊರಿಯಾದಿಂದ ಬಂದಿದ್ದ ಅತಿಥಿ ಸಂಶೋಧಕರೊಬ್ಬರು ಪ್ರಯೋಗ ನಡೆಸಿದರು. ಪುಡಿಯ ಬದಲು ದ್ರಾವಣದ ಮೇಲೆ ಹಾಳೆಯಂಥ ಪೊರೆಯ ಚೂರುಗಳು ಕಟ್ಟಿಕೊಂಡಿದ್ದವು. ಪರಿಶೀಲಿಸಿದಾಗ ಕ್ರಿಯಾವರ್ಧಕವನ್ನು ಬೇಕಾದುದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಹಾಕಿದ್ದು ತಿಳಿಯಿತು. ಮಿಲಿಮೋಲ್ ಎಂಬಲ್ಲಿ ಮಿಲಿಯನ್ನು ಸೂಚಿಸುವ ಅಕ್ಷರವನ್ನು ತಾವೇ ಬಿಟ್ಟಿರಬಹುದು, ಇಲ್ಲವೇ ಓದಿದವರು ತಪ್ಪಾಗಿ ಗ್ರಹಿಸಿರಬಹುದು ಎಂದು ಶಿರಾಕಾವಾ ಮುಂದೆ ಹೇಳಿದರು. ತಪ್ಪನ್ನು ಅತಿಥಿಯ ತಲೆಗೆ ಕಟ್ಟಲಿಲ್ಲ. ಪಾತ್ರೆಯನ್ನು ತೊಳೆದಿಡಲೂ ಇಲ್ಲ. ಪೊರೆ ಏಕೆ ಕಟ್ಟಿತು ಎಂದು ಕೇಳಿ, ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ಬೆಳ್ಳಿಯಂತೆ ಹೊಳೆಯುವ ಅಚ್ಚುಕಟ್ಟಾದ ಪೊರೆಯನ್ನು ಪಡೆಯುವ ಕ್ರಮವನ್ನು ಕಂಡುಕೊಂಡರು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಲೋಹದ ಹೊಳಪಿದ್ದರೂ ಆ ಪೊರೆಯಲ್ಲಿ ಲೋಹದ ಗುಣವಿರಲಿಲ್ಲ. ವಿದ್ಯುತ್ತು ಸರಾಗವಾಗಿ ಹರಿಯುತ್ತಿರಲಿಲ್ಲ. ಜಪಾನಿಗೆ ಬಂದಿದ್ದ ಅಲನ್ ಮ್ಯಾಕ್‌ಡಿಯರ್‌ಮಿಡ್ ಅದನ್ನು ನೋಡಿ ಶಿರಾಕಾವಾರನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಆಹ್ವಾನಿಸಿದರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. ಪೊರೆಗೆ ಬ್ರೋಮಿನ್, ಅಯೋಡಿನ್‌ಗಳ ಆವಿಯನ್ನು ತಾಗಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. 1977ರಲ್ಲಿ ಈ ಶೋಧ ಪ್ರಕಟವಾಯಿತು. 2000ದಲ್ಲಿ ಮೂವರಿಗೂ ರಸಾಯನ ವಿಜ್ಞಾನದ ನೊಬೆಲ್ ಪುರಸ್ಕಾರ ಸಂದಿತು.

ಇದರ ಒಳಗುಟ್ಟನ್ನು ತರಗತಿಯಲ್ಲಿ ಹೀಗೆ ವಿವರಿಸಬಹುದು. ಬೆಂಚಿನ ಮೇಲೆ ಮಕ್ಕಳು ಒತ್ತಾಗಿ ಕುಳಿತಿದ್ದರೆ ಯಾರೂ ಸರಿಯಲಾರರು. ಒಬ್ಬನನ್ನು ಎಬ್ಬಿಸಿ ಕಳುಹಿಸಿದರೆ ಪಕ್ಕದವನು ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ. ತೆರವು ಬೆಂಚಿನುದ್ದಕ್ಕೂ ಚಲಿಸುತ್ತದೆ. ಪಾಲಿಅಸಿಟಿಲೀನಿನ ಸರಪಣಿಯಲ್ಲಿ ಇಂಗಾಲದ ಪರಮಾಣುಗಳ ನಡುವೆ ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದು ಬರುತ್ತವೆ. ಅಯೋಡಿನ್ ಅಲ್ಲಿಂದ ಕೆಲವು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ತೆರವು ಮಾಡುತ್ತದೆ. ವಿದ್ಯುತ್ತು ಹರಿಯುವುದು ಈ ತೆರವಿನಿಂದ.

ಪಾಲಿಅಸಿಟಿಲೀನ್ ಗಾಳಿಯಲ್ಲಿ ಬೇಗ ಕೆಡುತ್ತದೆ, ದ್ರಾವಕಗಳಲ್ಲಿ ಕರಗುವುದಿಲ್ಲ. ಆದುದರಿಂದ ಅದನ್ನು ಬಳಿಯುವುದಾಗಲಿ ಮುದ್ರಿಸುವುದಾಗಲಿ ಆಗದು. ಈ ಕೊರತೆಯನ್ನು ನೀಗಿದ್ದು ಜರ್ಮನಿಯಲ್ಲಿ ರೂಪುಗೊಂಡ ಪೆಡಾಟ್ ಎಂಬ ವಾಹಕ ಪಾಲಿಮರು. ಪಿಎಸ್‌ಎಸ್ ಎಂಬ ಇನ್ನೊಂದು ಪಾಲಿಮರಿನ ಜೊತೆಗೂಡಿಸಿದರೆ ಅದು ನೀರಿನಲ್ಲಿ ನುಣ್ಣಗೆ ಹರಡಿಕೊಳ್ಳುತ್ತದೆ. ಬಳಿದು ಒಣಗಿಸಿದರೆ ಪಾರದರ್ಶಕವಾದ ತೆಳು ಲೇಪ ಉಳಿಯುತ್ತದೆ. ಛಾಯಾಚಿತ್ರದ ಫಿಲ್ಮಿನ ಮೇಲೆ ಸ್ಥಿರವಿದ್ಯುತ್ತು ಕೂಡಿ ಕಿಡಿಯಿಂದ ಕಲೆ ಬೀಳದಿರಲೆಂದು ಮೊದಲಿಗೆ ಇಂಥ ಲೇಪವನ್ನು ಬಳಸಿದರು. ಇಂದು ನಮ್ಮೂರ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಿಂದಲೇ ಇದನ್ನು ಮುದ್ರಿಸಬಹುದು.

ನಮ್ಮ ಶಾಲೆಗಳಿಗೆ ಪೆಡಾಟ್ ತರಿಸುವುದು ಕಷ್ಟ. ಪೆನ್ಸಿಲ್ ಸಾಕು. ಚಿತ್ರಕಲೆಯ 6ಬಿ ಪೆನ್ಸಿಲಿನಿಂದ ಕಾಗದದ ಮೇಲೆ ಒಂದಕ್ಕೊಂದು ತಾಗದಂತೆ ಎರಡು ಪಟ್ಟಿಗಳನ್ನು ಎಳೆಯಿರಿ. ಉದ್ದ ಎರಡು ಸೆಂಟಿಮೀಟರ್, ಅಗಲ ಅರ್ಧ ಸೆಂಟಿಮೀಟರ್ ಇರಲಿ. ಒತ್ತಿ ಒತ್ತಿ ಕಪ್ಪಾಗಿಸಿ. ಒಂದು ತುದಿಯಲ್ಲಿ 9 ವೋಲ್ಟಿನ ಬ್ಯಾಟರಿಯ ಎರಡು ಧ್ರುವಗಳನ್ನೂ, ಇನ್ನೊಂದು ತುದಿಯಲ್ಲಿ ಎಲ್‌ಇಡಿಯ ಎರಡು ಕಾಲುಗಳನ್ನೂ ಪಟ್ಟಿಗಳಿಗೆ ಒತ್ತಿ ಹಿಡಿಯಿರಿ. ಉದ್ದದ ಕಾಲು ಧನ ಧ್ರುವದ ಕಡೆಗಿರಲಿ. ಎಲ್‌ಇಡಿಯನ್ನು ಬ್ಯಾಟರಿಗೆ ನೇರವಾಗಿ ತಾಗಿಸಬೇಡಿ, ಸುಟ್ಟುಹೋಗುತ್ತದೆ. ದೀಪ ಮಿನುಗುತ್ತದೆ. ಪಟ್ಟಿ ಉದ್ದವಾದರೆ ಬೆಳಕು ಮಂಕಾಗುತ್ತದೆ; ಏಕೆಂದು ಮಕ್ಕಳೇ ಹೇಳಲಿ. ಪೆನ್ಸಿಲಿನಲ್ಲಿರುವ ಗ್ರಾಫೈಟು ಪ್ಲಾಸ್ಟಿಕ್ಕಲ್ಲ, ಶುದ್ಧ ಇಂಗಾಲ ಎಂಬುದನ್ನು ತಪ್ಪದೆ ತಿಳಿಸಿ. ಆದರೂ ಕಾಗದದ ಮೇಲೆ ಎಳೆದ ಲೇಪವೊಂದು ತಂತಿಯ ಕೆಲಸ ಮಾಡುವುದನ್ನು ಮಗು ಕಣ್ಣಾರೆ ಕಂಡಿರುತ್ತದೆ.

ಕೊನೆಯದಾಗಿ ಒಂದು ಮಾತು. ಕನ್ನಡದಲ್ಲಿ ‘ಮಿ.’ ಎಂದರೆ ಮಿಲಿ, ‘ಮೀ.’ ಎಂದರೆ ಮೀಟರ್. ಒಂದು ದೀರ್ಘ ತಪ್ಪಿದರೆ ಅಳತೆಯೇ ತಪ್ಪುತ್ತದೆ. ಕಾಸರಗೋಡಿನಲ್ಲಿ ಮನೆಮಾತು ತುಳುವೋ ಮಲಯಾಳವೋ ಆಗಿರುವ ಮಗು, ಜತ್ತಿನಲ್ಲಿ ಪೇಟೆಯ ಮರಾಠಿಯನ್ನೂ ಆದವಾನಿಯಲ್ಲಿ ಬೀದಿಯ ತೆಲುಗನ್ನೂ ಆಡುತ್ತ ಬೆಳೆದ ಮಗು ಹಲಗೆಯ ಅಕ್ಷರವನ್ನು ಬೇರೆಯಾಗಿ ಓದಿದರೆ ಅದು ದಡ್ಡತನವಲ್ಲ. ಅಳತೆಗಳನ್ನು ಸ್ಪಷ್ಟವಾಗಿ ಬರೆಯುವುದು, ಬಾಯಿಬಿಟ್ಟು ಓದಿಸುವುದು ನಮ್ಮ ಹೊಣೆ. ಎಲ್ಲ ತಪ್ಪುಗಳೂ ಶೋಧಗಳಾಗುವುದಿಲ್ಲ ನಿಜ. ಆದರೆ ಪ್ರಯೋಗ ಕೆಟ್ಟಾಗ ‘ಯಾರು ಕೆಡಿಸಿದರು?’ ಎನ್ನುವ ಮೊದಲು ‘ಏನು ಕಂಡಿತು?’ ಎಂದು ಕೇಳೋಣ. ಆ ಪ್ರಶ್ನೆಯನ್ನು ತನ್ನ ಕನ್ನಡದಲ್ಲಿ, ಅಂಜಿಕೆಯಿಲ್ಲದೆ ಉತ್ತರಿಸುವ ಮಗುವೇ ನಾಳೆ ಈ ಶಾಲೆಗಳನ್ನು ಉಳಿಸುತ್ತದೆ.