ಗುಜರಿಯಿಂದ ಆಟದ ಯಂತ್ರ: ಮಿತವ್ಯಯದ ಒಂದು ಪಾಠ

(ಉಪನ್ಯಾಸದ ಲಿಖಿತ ರೂಪ)



ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆ, ಭೀಮಾಶಂಕರದಲ್ಲಿ ಹುಟ್ಟುವ ಭೀಮೆ, ಇವೆರಡೂ ವಿಜಯಪುರ ಜಿಲ್ಲೆಯ ಎರಡು ಅಂಚುಗಳಲ್ಲಿ ಹರಿಯುತ್ತವೆ. ಇಂಡಿ, ಸಿಂದಗಿಗಳದು ಭೀಮೆಯ ಸೀಮೆ. ಮುದ್ದೇಬಿಹಾಳ, ಬಸವನಬಾಗೇವಾಡಿಗಳದು ಕೃಷ್ಣೆಯ ಸೀಮೆ. ಬೆಟ್ಟದ ನೀರು ಬಯಲಿಗೆ ಇಳಿಯುವಂತೆ ಬಯಲಿನ ವಿವೇಕವೂ ಬೆಟ್ಟಕ್ಕೆ ಏರಬಹುದು. ಆ ಸೀಮೆಯ ಮಕ್ಕಳು ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣನ್ನು ಹದಮಾಡಿ ಎತ್ತುಗಳನ್ನು ರೂಪಿಸುತ್ತಾರೆ. ಅದಕ್ಕೆ ಕಾಸಿನ ಖರ್ಚಿಲ್ಲ. ಹಬ್ಬ ಮುಗಿದ ಮೇಲೆ ಆ ಎತ್ತು ಮತ್ತೆ ಮಣ್ಣಾಗುತ್ತದೆ. ಆಟಿಕೆಯೊಂದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಅಲ್ಲಿ ಉತ್ತರ ಸ್ಪಷ್ಟವಾಗಿದೆ.

ಇದೇ ಎರಡು ಪ್ರಶ್ನೆಗಳನ್ನು ವಿದ್ಯುತ್ತಿನ ಆಟಿಕೆಗೂ ಕೇಳಬೇಕಾಗಿದೆ. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮನೆಯಲ್ಲಿಯೇ, ಕೈಯಲ್ಲಿರುವ ಅಲ್ಪ ಹಣದಲ್ಲಿ ಕಟ್ಟುವ ಹವ್ಯಾಸ ಇಂದು ಲೋಕದ ಹಲವೆಡೆ ಬೆಳೆದಿದೆ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಹೊಸದನ್ನು ಕೊಳ್ಳುವುದಕ್ಕೂ ಹಳೆಯದನ್ನು ಬಳಸುವುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಯೊಬ್ಬ ತನ್ನ ಕೈಯಿಂದಲೇ ಅರಿಯುವ ಮಾರ್ಗ ಇದು.

ಅಮೆರಿಕದ ಅಟಾರಿ ಸಂಸ್ಥೆಯ ‘ಪಾಂಗ್’ 1972ರಲ್ಲಿ ಬಂದಿತು. ಜಪಾನಿನ ‘ಸ್ಪೇಸ್ ಇನ್ವೇಡರ್ಸ್’ 1978ರಲ್ಲಿ, ‘ಪ್ಯಾಕ್‌ಮ್ಯಾನ್’ 1980ರಲ್ಲಿ ಬಂದವು. ಸ್ಪೇಸ್ ಇನ್ವೇಡರ್ಸ್ ಪೆಟ್ಟಿಗೆಯೊಳಗಿದ್ದ ಪ್ರೊಸೆಸರಿನ ವೇಗ ಕೇವಲ 2 ಮೆಗಾಹರ್ಟ್ಸ್, ಪ್ಯಾಕ್‌ಮ್ಯಾನಿನದು ಸುಮಾರು 3. ಇಂದು ಕಚೇರಿಗಳು ಮೂಲೆಗೆ ಎಸೆಯುವ ಹದಿನೈದು ವರ್ಷದ ಹಳೆಯ ಕಂಪ್ಯೂಟರಿನ ವೇಗ ಅದರ ಐನೂರು, ಸಾವಿರ ಪಟ್ಟು. ಬಡಜನರ ಅನುಕೂಲದ ಗುಟ್ಟು ಇಲ್ಲಿಯೇ ಇದೆ: ಹಳೆಯ ಆಟಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಹಳೆಯ ಪೆಟ್ಟಿಗೆಗಳ ನಡೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ‘ಮೇಮ್’ ಎಂಬ ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದರು. ಅದು ಉಚಿತ, ಲಿನಕ್ಸ್‌ನಲ್ಲಿಯೂ ನಡೆಯುತ್ತದೆ.

ಯಂತ್ರಕ್ಕೆ ಬೇಕಾದುವು ಐದೇ ವಸ್ತುಗಳು: ಕಂಪ್ಯೂಟರು, ಪರದೆ, ಸ್ಪೀಕರು, ಕೈಹಿಡಿ ಮತ್ತು ಗುಂಡಿಗಳು, ಇವೆಲ್ಲವನ್ನು ಹೊರುವ ಪೆಟ್ಟಿಗೆ. ಇವುಗಳಲ್ಲಿ ಮೊದಲ ಮೂರೂ ಹಳೆಯವಾಗಿದ್ದರೆ ಬಾಧಕವಿಲ್ಲ. ಮಕ್ಕಳ ಗುದ್ದು ತಿನ್ನುವುದು ಕೈಹಿಡಿ, ಗುಂಡಿಗಳು. ಆದುದರಿಂದ ಇರುವ ಹಣವನ್ನು ಅಲ್ಲಿ ವ್ಯಯಿಸುವುದು ವಿವೇಕ.

ಕೈಹಿಡಿಯ ಒಳಗುಟ್ಟು ಸರಳ. ಕೋಲಿನ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಸ್ವಿಚ್ಚುಗಳಿರುತ್ತವೆ. ಕೋಲು ವಾಲಿದಾಗ ಆ ದಿಕ್ಕಿಗೆ ಮೀಸಲಾದ ಸ್ವಿಚ್ಚು ಕೂಡಿಕೊಳ್ಳುತ್ತದೆ. ಕೋಲನ್ನು ಬಿಟ್ಟಾಗ ಸ್ಪ್ರಿಂಗು ಅದನ್ನು ನಡುವಿಗೆ ತರುತ್ತದೆ. ಈ ಸ್ವಿಚ್ಚುಗಳ ಸಂಕೇತವನ್ನು ಕಂಪ್ಯೂಟರಿಗೆ ತಲುಪಿಸುವ ಚಿಕ್ಕ ಫಲಕಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅದೂ ದುಬಾರಿಯೆನಿಸಿದರೆ ಕೆಟ್ಟ ಕೀಬೋರ್ಡ್ ಒಂದನ್ನು ಬಿಚ್ಚಬಹುದು. ಅದರೊಳಗೆ ಎರಡು ಪಾರದರ್ಶಕ ಹಾಳೆಗಳೂ ಒಂದು ಪುಟ್ಟ ಸರ್ಕ್ಯೂಟ್ ಫಲಕವೂ ಇರುತ್ತವೆ. ಯಾವ ಎರಡು ಗೆರೆಗಳು ಕೂಡಿದರೆ ಯಾವ ಅಕ್ಷರ ಮೂಡುತ್ತದೆಂದು ಹಾಳೆಯ ಮೇಲಿನ ಗೆರೆಗಳನ್ನು ಅನುಸರಿಸಿ ಬರೆದುಕೊಂಡು, ಆ ಫಲಕಕ್ಕೆ ಸ್ವಿಚ್ಚಿನ ತಂತಿಗಳನ್ನು ಬೆಸೆದರಾಯಿತು.

ಇಲ್ಲಿ ಒಂದು ತೊಡಕುಂಟು. ಗ್ಗದ ಕೀಬೋರ್ಡುಗಳಲ್ಲಿ ಕೆಲವು ಮೂರು ಕೀಲಿಗಳನ್ನು ಒಮ್ಮೆಲೆ ಒತ್ತಿದರೆ ಮೂರನೆಯದು ದಾಖಲಾಗುವುದಿಲ್ಲ. ಇಬ್ಬರು ಆಡುವಾಗ ಇದರಿಂದ ಜಗಳ ಖಂಡಿತ. ಆದ್ದರಿಂದ ಕೀಬೋರ್ಡನ್ನು ಬಿಚ್ಚುವ ಮೊದಲೇ ಬೇರೆ ಬೇರೆ ಕೀಲಿಗಳನ್ನು ಮೂರು ಮೂರಾಗಿ ಒತ್ತಿ ನೋಡಿ, ಒಂದಕ್ಕೊಂದು ಅಡ್ಡಿಯಾಗದವುಗಳನ್ನು ಆರಿಸಿಕೊಳ್ಳಬೇಕು.

ಪೆಟ್ಟಿಗೆಯ ಕೆಲಸ ಬಡಿಗರದು. ಕೂರಿಗೆ, ಕುಂಟೆಗಳನ್ನು ಮುಂಗಾರಿಗೆ ಮೊದಲು ರಿಪೇರಿ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಾಳಿನ ಆಯ ಪಡೆಯುತ್ತಿದ್ದ ಬಡಿಗರ, ಕಮ್ಮಾರರ ಪರಂಪರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೀರ್ಘಕಾಲ ನಡೆದುಬಂದುದು. ಅಲ್ಲಿ ಕೆಟ್ಟುದನ್ನು ಎಸೆಯುವುದು ರೂಢಿಯಾಗಿರಲಿಲ್ಲ, ಸರಿಪಡಿಸುವುದೇ ರೂಢಿ. ಹಳೆಯ ಕಪಾಟಿನ ಹಲಗೆ, ಸರಕು ತುಂಬಿ ಬಂದ ಪೆಟ್ಟಿಗೆಯ ಹಲಗೆಗಳಿಂದ ಆಟದ ಪೆಟ್ಟಿಗೆಯನ್ನು ಕಟ್ಟಿದರೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ. ನಾರುಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಅಗ್ಗದ ಹಲಗೆ ಮಲೆನಾಡಿನ ಮಳೆಗಾಲದ ಥಂಡಿಗೆ ಉಬ್ಬಿ ಬಿರಿಯುತ್ತದೆ. ನಿಂತು ಆಡುವ ಎತ್ತರದ ಪೆಟ್ಟಿಗೆಗಿಂತ ಮಕ್ಕಳು ಚಾಪೆಯ ಮೇಲೆ ಕುಳಿತು ಆಡುವ ಗಿಡ್ಡ ಪೆಟ್ಟಿಗೆಗೆ ಹಲಗೆಯೂ ಕಡಿಮೆ ಸಾಕು. ಹಿಂಬದಿಯಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡುವುದನ್ನು ಮರೆಯಬಾರದು.

ಇನ್ನು ಎಚ್ಚರಿಕೆಯ ಮಾತು. ಹಳೆಯ ಡಬ್ಬಾ ಟಿ.ವಿ.ಯ ಪರದೆ ಆಟಕ್ಕೆ ಸೊಗಸೆಂಬುದು ನಿಜ. ಆದರೆ ಬಣ್ಣದ ಟಿ.ವಿ.ಯ ಕೊಳವೆಯಲ್ಲಿ 20 ಸಾವಿರ ವೋಲ್ಟಿಗೂ ಮಿಕ್ಕ ವಿದ್ಯುತ್ತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು. ಅದರ ಗಾಜಿನಲ್ಲಿ ಸೀಸವಿದೆ. ವಿದ್ಯಾರ್ಥಿಗಳು ಅದನ್ನು ಬಿಚ್ಚಲೇಬಾರದು. ಚಪ್ಪಟೆ ಪರದೆಯ ಹಳೆಯ ಮಾನಿಟರೇ ಅವರಿಗೆ ತಕ್ಕದ್ದು. ಗೋಡೆಯ ವಿದ್ಯುತ್ತಿಗೆ ಸಂಬಂಧಿಸಿದ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು. ತಾಮ್ರಕ್ಕಾಗಿ ತಂತಿ ಸುಡುವುದು ಇನ್ನೊಂದು ಅಪಾಯ. ಅದರ ಪ್ಲಾಸ್ಟಿಕ್ ಹೊದಿಕೆ ಉರಿದಾಗ ಡಯಾಕ್ಸಿನ್‌ನಂತಹ ಘೋರ ವಿಷಗಳು ಹುಟ್ಟುತ್ತವೆ. ಹತ್ತು ರೂಪಾಯಿಯ ತಾಮ್ರಕ್ಕೆ ಓಣಿಯ ಮಕ್ಕಳೆಲ್ಲರ ಶ್ವಾಸವನ್ನು ತೆರುವುದು ಯಾವ ಮಿತವ್ಯಯ?

ಆಡುವುದಕ್ಕೆ ಬೇಕಾದ ವಿದ್ಯುತ್ತಿಗೂ ಬೆಲೆಯುಂಟು. ಆಲಮಟ್ಟಿಯ ಜಲವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಆ ಹಿನ್ನೀರಿಗೆ ಹಳೆಯ ಬಾಗಲಕೋಟೆ ನಗರದ ಒಂದು ಭಾಗವೂ ಮುಳುಗಿತು. ಬಸವನಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ; ಅದಕ್ಕೆ ನೀರು ಆಲಮಟ್ಟಿಯದೇ. ಶರಾವತಿಯ ಮುಳುಗಡೆಯನ್ನು ಕಂಡ ಮಲೆನಾಡಿಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಂಪ್ಯೂಟರು ಮತ್ತು ಚಪ್ಪಟೆ ಪರದೆ ಸೇರಿ ಸುಮಾರು 100 ವಾಟ್ ಎಂದಿಟ್ಟುಕೊಂಡರೆ, ದಿನಕ್ಕೆ ಒಂದು ಗಂಟೆಯಂತೆ ವರ್ಷಕ್ಕೆ 36 ಯೂನಿಟ್ಟು ದಾಟುತ್ತದೆ. ಅದೆಲ್ಲ ಕಲ್ಲಿದ್ದಲಿನಿಂದಲೇ ಬಂದರೆ ಹೆಚ್ಚುಕಡಿಮೆ 25 ಕಿಲೋ ಕಲ್ಲಿದ್ದಲು ಉರಿಯಬೇಕು. 2012ರಲ್ಲಿ ಬಂದ ‘ರಾಸ್‌ಬೆರಿ ಪೈ’ಯಂತಹ ಅಂಗೈಯಗಲದ ಕಂಪ್ಯೂಟರಿಗೆ ಪರದೆಯೂ ಸೇರಿ ಸುಮಾರು 30 ವಾಟ್ ಸಾಕು, ವರ್ಷಕ್ಕೆ 11 ಯೂನಿಟ್ಟು. ಆದರೆ ಅದನ್ನು ಹೊಸದಾಗಿ ಕೊಳ್ಳಬೇಕು, ಅದರ ತಯಾರಿಕೆಗೂ ಗಣಿ ಅಗೆಯಬೇಕು. ದಿನಕ್ಕೊಂದು ಗಂಟೆಯ ಆಟಕ್ಕೆ ಹಳೆಯದೇ ಲೇಸು. ಇಡೀ ದಿನ ನಡೆಯುವ ಯಂತ್ರವಾದರೆ ಚಿಕ್ಕ ಕಂಪ್ಯೂಟರು ಮೇಲು. ಗಂಟೆಯ ಮಿತಿಯನ್ನು ಮೊದಲು ಗೊತ್ತುಮಾಡಿ, ಆಮೇಲೆ ಯಂತ್ರವನ್ನು ಆರಿಸುವುದು ಸರಿಯಾದ ಕ್ರಮ.

ಮೇಮ್ ಉಚಿತವಾದರೂ ಆಟಗಳೆಲ್ಲ ಉಚಿತವಲ್ಲ. ಬಹುತೇಕ ಆಟಗಳ ಹಕ್ಕು ಇಂದಿಗೂ ಕಂಪನಿಗಳದು. ಕೆಲವನ್ನು ಮಾತ್ರ ಹಕ್ಕುದಾರರೇ ವಾಣಿಜ್ಯೇತರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಗುಡಿಯ ಕಟ್ಟೆಗಳ ಕಲ್ಲಿನ ಮೇಲೆ ಹಿರಿಯರು ಕೊರೆದಿಟ್ಟ ಹುಲಿ-ಕುರಿ ಆಟದ ಮನೆಗಳಿವೆ. ಚೌಕಾಬಾರವಿದೆ, ಅಳಗುಳಿ ಮಣೆಯಿದೆ. ಇವಕ್ಕೆ ಯಾರ ಪರವಾನಗಿಯೂ ಬೇಡ. ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿ ಅಜ್ಜಿಯ ಬಳಿ ನಿಯಮ ಕೇಳಿ ಇವುಗಳಲ್ಲೊಂದನ್ನು ಯಂತ್ರಕ್ಕೆ ಬರೆದರೆ, ಕಲಿಕೆ ಎರಡು ಕಡೆಯಿಂದಲೂ ಆಗುತ್ತದೆ.

ಕೊನೆಯದು ಎರಡನೆಯ ಪ್ರಶ್ನೆ: ಯಂತ್ರ ಎಲ್ಲಿಗೆ ಹೋಗುತ್ತದೆ? ಮಣ್ಣೆತ್ತು ಮಣ್ಣಿಗೆ ಮರಳಿತು. ಈ ಯಂತ್ರ ಮರಳದು. ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು 2012ರ ಮೇ 1ರಂದು ಜಾರಿಗೆ ಬಂದವು. 2016ರಲ್ಲಿಯೂ 2022ರಲ್ಲಿಯೂ ಹೊಸ ನಿಯಮಗಳು ರಚಿತವಾದವು. ಬಳಸಿ ಮುಗಿದುದರ ಹೊಣೆ ತಯಾರಕರದೂ ಹೌದೆಂದು ಅವು ಹೇಳುತ್ತವೆ. ಆದರೆ ಕಾಗದದ ಮೇಲಿನ ಹೊಣೆ ಹಳ್ಳಿಯ ತಿಪ್ಪೆಯವರೆಗೆ ತಾನಾಗಿ ನಡೆದು ಬಾರದು. ಆದ್ದರಿಂದ ಪೆಟ್ಟಿಗೆಯನ್ನು ಮೊಳೆ ಹೊಡೆದು ಮುಚ್ಚದೆ ಸ್ಕ್ರೂ ಹಾಕಿ ಕಟ್ಟಬೇಕು. ಒಳಬದಿಯಲ್ಲಿ ತಂತಿಗಳ ನಕ್ಷೆಯನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು. ಮುಂದೆ ಕೆಟ್ಟಾಗ ಇನ್ನೊಬ್ಬ ಹುಡುಗಿ ಅದನ್ನು ಬಿಚ್ಚಿ ಸರಿಪಡಿಸಬಲ್ಲಳು. ಸರಿಯಾಗದ ಭಾಗಗಳು ತಿಪ್ಪೆಗೆ ಹೋಗದೆ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಒಟ್ಟಾಗಿ, ಅಧಿಕೃತ ಮರುಬಳಕೆದಾರರಿಗೆ ತಲುಪಬೇಕು.

ಮನೆಗೊಂದು ಯಂತ್ರ ಬೇಡ, ಓಣಿಗೊಂದು ಸಾಕು. ಒಬ್ಬೊಬ್ಬರೇ ಮೊಬೈಲಿನಲ್ಲಿ ಮುಳುಗುವ ಸಂಜೆಯಲ್ಲಿ ನಾಲ್ಕು ಮಕ್ಕಳು ಒಂದು ಪೆಟ್ಟಿಗೆಯ ಮುಂದೆ ಸರದಿ ಕಾದರೆ, ಆ ಕಾಯುವಿಕೆಯೂ ಒಂದು ಪಾಠವೇ. ಮಳೆ ನಿಂತ ದಿನ ಪೆಟ್ಟಿಗೆಯನ್ನು ಆರಿಸಿ ಅದೇ ಮಕ್ಕಳು ಬಯಲಿಗೆ ಓಡಿದರೆ ಯಂತ್ರ ಕಟ್ಟಿದವರಿಗೆ ಬೇಸರವಾಗಬೇಕಾಗಿಲ್ಲ.