ಧ್ವನಿಯ ಒರೆಗಲ್ಲು

ಜಿಗಣಿಗೆ ಕಲ್ಲಿನ ಸದ್ದು ಹೊಸದಲ್ಲ. ಇಲ್ಲಿನ ಗ್ರಾನೈಟ್ ಶೆಡ್ಡುಗಳಲ್ಲಿ ಕೊಯ್ಯುವ ಗರಗಸ, ಪಾಲಿಷ್ ಯಂತ್ರ ಒಟ್ಟಿಗೆ ಓಡುವಾಗ ಪಕ್ಕದವನ ಮಾತು ಕೇಳಬೇಕಾದರೆ ಕಿವಿಯ ಬಳಿ ಬಾಯಿ ತರಬೇಕು. ಪಾಳಿ ಮುಗಿಸಿ ಬಸ್ಸು ಹತ್ತಿದವರು ಮಾಡುವ ಮೊದಲ ಕೆಲಸ, ಇಯರ್‌ಫೋನ್ ತುರುಕಿಕೊಂಡು ಹಾಡು ಹಾಕುವುದು. ಅದು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ತಿಳಿಯುವಂತಿಲ್ಲ. ತೊಂಬತ್ತರ ದಶಕದಲ್ಲಿ ಅಂಗೈಯಗಲದ ಸ್ಪೀಕರಿಗೂ ನೂರಾರು ವಾಟ್ 'ಪಿಎಂಪಿಒ' ಎಂದು ಅಚ್ಚು ಹಾಕಿ ಮಾರುತ್ತಿದ್ದರು. ಯಾವ ಒಪ್ಪಿತ ಮಾನದಂಡವೂ ಇಲ್ಲದ ಸಂಖ್ಯೆ ಅದು. ಈಗ '20 ಹರ್ಟ್ಸ್‌ನಿಂದ 20,000 ಹರ್ಟ್ಸ್' ಎಂಬ ಬರಹ ಕಾಣುತ್ತದೆ. ಆ ವ್ಯಾಪ್ತಿಯ ಸ್ವರಗಳೆಲ್ಲ ಎಷ್ಟು ಸಮನಾಗಿ ಹೊರಡುತ್ತವೆಂದು ಹೇಳದಿದ್ದರೆ ಇದೂ ಅಷ್ಟೇ.

ಒರೆಗಲ್ಲು ಬೇಕೆಂದರೆ ತಂಬೂರಿ ಇದೆ. ಅದರ ಕುದುರೆಯ ಮೇಲೆ, ತಂತಿಯ ಅಡಿಗೆ, 'ಜೀವಾಳ' ಎಂಬ ನೂಲೆಳೆ ಇಡುತ್ತಾರೆ. ಎಳೆ ಸರಿಯಾದ ಜಾಗಕ್ಕೆ ಬಂದಾಗ ಒಂದೇ ತಂತಿಯಿಂದ ಹತ್ತಾರು ಉಪಸ್ವರಗಳು ಝೇಂಕರಿಸುತ್ತವೆ. ತೆಗೆದರೆ ನಾದ ಸಪ್ಪೆ. ತಂತಿಯನ್ನು ಇಂಥ ಕಡೆ ಮೀಟಿದರೆ ಇಂಥ ಉಪಸ್ವರ ಹುಟ್ಟದು ಎಂಬ ಹಳೆಯ ನಿಯಮವನ್ನು ತಂಬೂರಿ, ವೀಣೆಗಳು ಮೀರುತ್ತವೆಂದು ಸಿ.ವಿ. ರಾಮನ್ 1921ರಲ್ಲಿ ತೋರಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಚರ್ಮವಾದ್ಯಗಳ ಬಗ್ಗೆ ಬರೆದರು. ಮೃದಂಗದ ಬಲಮುಖಕ್ಕೆ ಮೆತ್ತುವ ಕರಿಯ ಕರಣೆಯೇ ಅದಕ್ಕೆ ತಂತಿವಾದ್ಯದಂಥ ಶ್ರುತಿ ಕೊಡುತ್ತದೆ.

ಆದ್ದರಿಂದ ಅಂಗಡಿಯವನು ಹಾಕುವ ಅಬ್ಬರದ ಹಾಡು ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಕಛೇರಿಯೊಂದನ್ನು ಫೋನಿನಲ್ಲಿ ಒಯ್ಯಿರಿ. ಮಂಕು ಸ್ಪೀಕರಿನಲ್ಲಿ ತಂಬೂರಿಯ ಝೇಂಕಾರ ಸಾಯುತ್ತದೆ. ಕೀರಲು ಸ್ಪೀಕರಿನಲ್ಲಿ ಅದು ಸೊಳ್ಳೆಯಾಗುತ್ತದೆ. ಮೃದಂಗದ ಎಡಮುಖದ ಪೆಟ್ಟು ಮುಂದಿನ ಪೆಟ್ಟಿನೊಳಗೆ ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳಬೇಕು. ಗಾಯಕರ ಉಸಿರು ಕೇಳಿಸಿದರೆ ಇನ್ನೂ ಸಂತೋಷ. ಒಂದು ಎಚ್ಚರ: ಎರಡನ್ನು ಹೋಲಿಸುವಾಗ ತುಸು ಜೋರಾಗಿರುವುದೇ ಚೆನ್ನ ಎಂದು ಯಾವ ಕಿವಿಗೂ ಅನಿಸುತ್ತದೆ. ವ್ಯಾಪಾರಿಗಳಿಗೆ ಇದು ಗೊತ್ತು. ಎರಡರ ಸದ್ದನ್ನೂ ಸಮ ಮಾಡಿಸಿಯೇ ಕೇಳಿ.

ಅಂಗಡಿಯಲ್ಲಿ ಮೆಚ್ಚಿದ್ದು ಮನೆಯಲ್ಲಿ ಕೆಡುವುದುಂಟು. ತಪ್ಪು ನೆಲದ್ದಿರಬಹುದು. ಜಿಗಣಿಯ ನುಣುಪಾದ ಗ್ರಾನೈಟು ಧ್ವನಿಯನ್ನು ಕನ್ನಡಿಯಂತೆ ಹಿಂದಕ್ಕೆಸೆಯುತ್ತದೆ. ಒಂದು ಜಮಖಾನೆ, ದಪ್ಪನೆಯ ಪರದೆ ಸಾಕು, ಮಾತು ಬಿಡಿಸಿ ಕೇಳುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ತಗ್ಗುಸ್ವರ ಉಬ್ಬಿ ಗುಡುಗುತ್ತದೆ.

ಕಿವಿಯೊಳಗಿಡುವ ಇಯರ್‌ಫೋನಿನಲ್ಲಿ ರಬ್ಬರ್ ಬಿರಡೆಯ ಅಳತೆ ಮುಖ್ಯ. ಸಡಿಲವಾದರೆ ತಗ್ಗುಸ್ವರ ಸೋರಿಹೋಗುತ್ತದೆ, ಬಸ್ಸಿನ ಗದ್ದಲ ಒಳನುಗ್ಗುತ್ತದೆ, ಬೆರಳು ಸದ್ದು ಏರಿಸುತ್ತದೆ. ಸರಿಯಾಗಿ ಕೂರುವ ಅಗ್ಗದ್ದು ಸಡಿಲವಾದ ದುಬಾರಿಯದಕ್ಕಿಂತ ಮೇಲು.

ಆದರೆ ಒರೆ ಹಚ್ಚುವ ಕಿವಿಯೇ ಸವೆದಿದ್ದರೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು; 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 90 ಡೆಸಿಬಲ್ಲಿಗೆ ಉಳಿಯುವುದು ವಾರಕ್ಕೆ 4 ಗಂಟೆ. ನಮ್ಮ ಕಾರ್ಖಾನೆ ನಿಯಮವೋ ಅದೇ 90 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ಒಪ್ಪುತ್ತದೆ. ಹೀಗಾಗಿ ಕಲ್ಲು ಕೊಯ್ಯುವವನ ವಾರದ ಪಾಲು ಶೆಡ್ಡಿನಲ್ಲೇ ಮುಗಿದಿರುತ್ತದೆ. ಬಸ್ಸಿನ ಹಾಡು ಸಾಲದ ಲೆಕ್ಕ. ಯಂತ್ರದ ಮುಂದೆ ಹಾಕಬೇಕಾದದ್ದು ರಕ್ಷಣೆಯ ಬಿರಡೆ. ಹಾಡಿನ ಇಯರ್‌ಫೋನ್ ಅಲ್ಲಿ ಗರಗಸದೊಡನೆ ಪೈಪೋಟಿಗೆ ಇಳಿಯುತ್ತದೆ, ಅಷ್ಟೆ.

ಗದ್ದಲದಿಂದ ಕಿವಿ ಮೊದಲು ಕಳೆದುಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು. ತಂಬೂರಿಯ ಹೊಳಪಿಗೂ ಮಾತಿನ ಸ, ಶ, ಚ ಸ್ಪಷ್ಟವಾಗಲಿಕ್ಕೂ ಈ ಎತ್ತರದ ಸ್ವರಗಳು ಬೇಕು. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ಟಿ.ವಿ. ಸದ್ದು ತಗ್ಗಿಸೆಂದು ಗದರುತ್ತಾರೆ, ಅವನು ಹೊಸ ಹೆಡ್‌ಫೋನ್ ಹುಡುಕುತ್ತಾನೆ. ಅದಕ್ಕೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಲಿ. 1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಹೆಸರಾದದ್ದು. ಹತ್ತಿರದ ಕಿವಿ-ಮೂಗು-ಗಂಟಲು ವೈದ್ಯರನ್ನೂ ಕೇಳಬಹುದು. ರಜೆಯ ಮರುದಿನ ಬೆಳಿಗ್ಗೆ, ಪಾಳಿಗೆ ಮುನ್ನ ಹೋಗಬೇಕು. ಯಂತ್ರದ ಮುಂದಿನಿಂದ ನೇರ ಹೋದರೆ ದಣಿದ ಕಿವಿಯ ಲೆಕ್ಕವೇ ಕೈಗೆ ಬರುತ್ತದೆ.